ಅವಳಿಗಷ್ಟೇ ತಿರುಗುವ ದೋಣಿ

"ಇನ್ನೊಂದು ಸಲ!"

ಗಾಜಿನ ಆಚೆಯಿಂದ ಮೈಕಿನಲ್ಲಿ ಬಂದ ಆ ದನಿ ಕೇಳಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸಕ್ಕೆ ಸೇರಿದ ಮೊದಲನೇ ದಿನ. ನೆಲಕ್ಕೆ ಅಂಟಿಸಿದ ಹಳದಿ ಟೇಪಿನ ಮೇಲೆ ಬರಿಗಾಲಲ್ಲಿ ನಿಂತು, ಬೆಳಗಿನಿಂದ ಕ್ಯಾಮೆರಾದತ್ತ ಕೈ ಬೀಸಿದ್ದೇ ಬೀಸಿದ್ದು.

"ರೀ, ಇನ್ನು ಸ್ವಲ್ಪ ಹೊತ್ತಿಗೆ ಕೈ ಕಿತ್ತು ಬರುತ್ತೆ ಅಷ್ಟೇ!"

"ಮಾತಾಡ್ಬೇಡಿ. ಮಾತಾಡಿದ್ರೆ ಭುಜ ಅಲುಗಾಡುತ್ತೆ."

ಅಬ್ಬಬ್ಬಾ... ಇವನೇನು ಮನುಷ್ಯನೋ, ಮರದ ತುಂಡೋ!

ಅವರು ತಯಾರಿಸುತ್ತಿದ್ದದ್ದು ಮನೆಮಂದಿಯೆಲ್ಲ ಟಿ.ವಿ. ಮುಂದೆ ನಿಂತು ಆಡುವ ವಿಡಿಯೋ ಗೇಮ್. ಕೈಯಲ್ಲಿ ಏನೂ ಹಿಡಿಯಬೇಕಿಲ್ಲ, ಮೈ ಅಲುಗಿದಂತೆ ಆಟ ನಡೆಯುತ್ತದೆ. ಪರದೆಯೊಳಗೆ ಒಂದು ದೊಡ್ಡ ಥೀಮ್ ಪಾರ್ಕ್. ಕೈ ಬೀಸಿದರೆ ಬಲೂನು ಏರುತ್ತದೆ, ಬಲಕ್ಕೆ ವಾಲಿದರೆ ಜಲಪಾತದ ದೋಣಿ ಬಲಕ್ಕೆ ತಿರುಗುತ್ತದೆ. ಆಡಿ ನೋಡುವುದು ಅವಳ ಕೆಲಸ. ಅವಳು ಅಲುಗುವುದನ್ನು ನೋಡಿ ಆಟಕ್ಕೆ ಕಲಿಸುವುದು ಅವನ ಕೆಲಸ.

ಆಫೀಸಿನವರು ಅವನಿಗೆ ಇಟ್ಟಿದ್ದ ಹೆಸರು 'ಮೌನಿ'. ಮೈಕು ಮುಂದಿದ್ದರೆ ಮಾತ್ರ ಬಾಯಿ, ಅದೂ ಎರಡೇ ಪದ!

ಆದರೆ ಒಂದು ಬೆಳಿಗ್ಗೆ ಬಂದು ನೋಡಿದರೆ ಟೇಪಿನ ಕೆಳಗೆ ಮೆತ್ತನೆಯ ಚಾಪೆ. ಹಿಂದಿನ ದಿನ ಅವಳು ಕಾಲು ತಣ್ಣಗಾಗುತ್ತದೆಂದು ಯಾರ ಹತ್ತಿರವೋ ಗೊಣಗಿದ್ದಳು. ಗಾಜಿನತ್ತ ತಿರುಗಿದರೆ, ಅವನು ಕೀಬೋರ್ಡಿನಲ್ಲಿ ಮುಖ ಹುದುಗಿಸಿದ್ದ.

ಅಂದಿನಿಂದ 'ಇನ್ನೊಂದು ಸಲ' ಕೇಳಿದರೆ ಸಿಟ್ಟು ಬರುತ್ತಿರಲಿಲ್ಲ. ಕೇಳದಿದ್ದರೇ ಏನೋ ಕಳೆದುಕೊಂಡಂತೆ ಆಗುತ್ತಿತ್ತು. 'ಬೇರೆ ಒಂದು ಮಾತಾಡಿದ್ರೆ ಇವನ ಗಂಟೇನು ಹೋಗುತ್ತೆ?' ಎಂದು ಒಳಗೊಳಗೇ ಗೊಣಗುತ್ತಿದ್ದಳು.

ಆಟ ಮಾರುಕಟ್ಟೆಗೆ ಹೋಗುವ ಮುಂಚೆ ನಿಜವಾದ ಒಂದು ಕುಟುಂಬ ಅದನ್ನು ಆಡಬೇಕು. ಅವಳು ಹೆಮ್ಮೆಯಿಂದ ತನ್ನವರನ್ನೇ ಕರೆತಂದಳು. ಅಜ್ಜಿ, ಅಕ್ಕ, ಭಾವ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಟೇಪಿನ ಮೇಲೆ ನಿಂತರು. ಬಲಕ್ಕೆ ವಾಲಿದರು. ದೋಣಿ ನೇರ ಹೋಗಿ ಬಂಡೆಗೆ ಬಡಿಯಿತು.

"ಏನೇ ಇದು, ನಾನು ಇದರ ಕಣ್ಣಿಗೇ ಬೀಳ್ತಿಲ್ವಾ? ಇಷ್ಟು ದಪ್ಪ ಇದ್ದೀನಿ!"

ಎಲ್ಲರೂ ನಕ್ಕರು. ಅಕ್ಕ ವಾಲಿದಳು... ಬಂಡೆ. ಭಾವ ಬೀಳುವಷ್ಟು ವಾಲಿದರು... ಮತ್ತೆ ಬಂಡೆ! ಈಗ ಯಾರೂ ನಗಲಿಲ್ಲ.

ತಂಡದ ಮುಖ್ಯಸ್ಥೆ ಮೇಡಂ ಕೆಂಡವಾದರು. "ಇಷ್ಟು ತಿಂಗಳಿಂದ ಮಾಡಿದ್ದೇನು ನೀವೆಲ್ಲ? ಎಲ್ಲಿ ತಪ್ಪಾಗಿದೆ?"

ಅವಳು ಟೇಪಿನ ಮೇಲೆ ನಿಂತು ತೋರಿಸಿದಳು. ದೋಣಿ ಹೂವಿನಷ್ಟು ಹಗುರಾಗಿ ತಿರುಗಿತು.

ಗಾಜಿನ ಆಚೆಯಿಂದ ಅವನು ಹೊರಬಂದ. ಮುಖ ಬಿಳಿಚಿಕೊಂಡಿತ್ತು. "ಮೇಡಂ... ಪರೀಕ್ಷೆಗೆ ಇವರು ಬೇಡ. ಇವರನ್ನ ಬದಲಾಯಿಸಿ. ಇವರು ಇರೋವರೆಗೆ ಇದು ಸರಿಹೋಗಲ್ಲ."

ಅಜ್ಜಿಯ ಎದುರಿಗೇ! ಮನೆಯವರೆಲ್ಲರ ಎದುರಿಗೇ! ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಮನೆಯಲ್ಲಿ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. ಕೆಲಸ ಹೋಯಿತೆಂಬ ದುಃಖಕ್ಕಿಂತ, ಬೇಡ ಎಂದವನು ಅವನು ಎನ್ನುವುದೇ ಹೆಚ್ಚು ಸುಡುತ್ತಿತ್ತು.

ಅಜ್ಜಿ ಪಕ್ಕ ಬಂದು ಕೂತರು. "ಆ ಹುಡುಗ ಪೂರ್ತಿ ಹೊತ್ತು ನೆಲ ನೋಡ್ತಿದ್ದ ಕಣೇ. ನಿನ್ನ ಮೇಲೆ ತಪ್ಪು ಹೊರಿಸೋನು ಹಾಗ್ಯಾಕೆ ತಲೆ ತಗ್ಗಿಸ್ತಾನೆ? ಹೋಗಿ ಕೇಳು. ಕೇಳದೆ ಕೂತ್ಕೊಂಡು ಕೊರಗಬೇಡ."

ಮರುದಿನ ಬೆಳಿಗ್ಗೆ ಗುರುತಿನ ಚೀಟಿ ಹಿಂದಿರುಗಿಸುವ ನೆಪದಲ್ಲಿ ಹೋದಳು. ಆಟದ ಕೋಣೆಯ ಬಾಗಿಲು ತೆರೆದಿತ್ತು.

ಹಳದಿ ಟೇಪಿನ ಮೇಲೆ ಬರಿಗಾಲಲ್ಲಿ ನಿಂತಿದ್ದ... ಮೌನಿ! ಬಲಕ್ಕೆ ವಾಲಿದ. ಢಮ್, ಬಂಡೆ.

"ನನ್ನನ್ನ ಕಳಿಸಿದ್ಮೇಲೂ ಸರಿಹೋಗ್ಲಿಲ್ವಾ?" ಅವಳ ಕಣ್ಣು ತುಂಬಿ ಬಂತು. "ನಾನೇನ್ರೀ ತಪ್ಪು ಮಾಡಿದ್ದೆ?"

ಅವನು ಬೆಚ್ಚಿ ತಿರುಗಿದ. "ತಪ್ಪು ನಿಮ್ಮದಲ್ಲ. ನಂದು. ನಿನ್ನೆನೇ ಮೇಡಂಗೆ ಹೇಳಿದೆ, ನೀವು ಹೊರಟ ಮೇಲೆ."

"ಬಿಡಿಸಿ ಹೇಳಿ."

"ನೀವು... ಬಲಕ್ಕೆ ವಾಲೋ ಮುಂಚೆ ಚೂರೇ ಚೂರು ಎಡಕ್ಕೆ ತೂಗ್ತೀರಿ. ಪ್ರತಿ ಸಲ. ಅದನ್ನೇ ಗುರುತು ಅಂತ ಆಟಕ್ಕೆ ಕಲಿಸಿಬಿಟ್ಟೆ. ಎಲ್ಲರೂ ಹಾಗೇ ವಾಲ್ತಾರೆ ಅಂದ್ಕೊಂಡಿದ್ದೆ." ಅವನು ಮತ್ತೆ ನೆಲ ನೋಡಿದ. "ಇಷ್ಟು ದಿನ ನಾನು ಬೇರೆ ಯಾರನ್ನೂ ನೋಡೇ ಇಲ್ಲ."

ಹಾಗೆ ತೂಗುವುದು ಅವಳಿಗೇ ಗೊತ್ತಿರಲಿಲ್ಲ!

"ಇದನ್ನ ನಿನ್ನೆ ನನ್ನೆದುರಿಗೇ ಹೇಳೋಕೇನಾಗಿತ್ತು?"

"ನಿಮ್ಮ ಅಜ್ಜಿ ಮುಂದೆ ಹೇಗ್ರೀ ಹೇಳ್ಲಿ?"

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು.

"ಇನ್ಮೇಲೆ ಬೇರೆ ಬೇರೆ ಜನ ಬಂದು ಆಡ್ತಾರೆ. ಅವರು ಹೇಗೆ ಅಲುಗ್ತಾರೆ ಅಂತ ನೋಡೋಕೆ ನಂಗೊಬ್ಬನಿಗೆ ಆಗಲ್ಲ. ನೀವು ಗಾಜಿನ ಆಚೆ, ನನ್ನ ಪಕ್ಕ ಇರಬೇಕು ಅಂತ ಕೇಳಿದೆ. ಮೇಡಂ ಒಪ್ಪಿದ್ದಾರೆ. ನೀವು..."

ಅವಳು ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಅವನ ಬೆನ್ನ ಹಿಂದೆ ನಿಂತು, ಎರಡೂ ಮೊಣಕೈ ಹಿಡಿದಳು.

"ಮೊದಲು ಎಡಕ್ಕೆ... ಚೂರೇ. ಹಾಂ, ಈಗ ಬಲಕ್ಕೆ!"

ದೋಣಿ ಬಂಡೆಯನ್ನು ಬಳಸಿಕೊಂಡು ತಿರುಗಿತು. ಪರದೆಯ ತುಂಬ ನೀರು ಚಿಮ್ಮಿತು.

ಅವನು ಅವಳತ್ತ ತಿರುಗಿದ. ನಡುವೆ ಗಾಜಿರಲಿಲ್ಲ, ಮೈಕೂ ಇರಲಿಲ್ಲ.

"ನಂಗೆ ನೀವಂದ್ರೆ ತುಂಬಾ ಇಷ್ಟ," ಎಂದ, ಪಿಸುದನಿಯಲ್ಲಿ.

ಅವಳು ಕಣ್ಣೊರೆಸಿಕೊಂಡಳು. "ಇನ್ನೊಂದು ಸಲ."

"ಯಾಕೆ... ಕೇಳಿಸ್ಲಿಲ್ವಾ?"

"ಕೇಳಿಸ್ತು. ನೀವು ನನ್ನ ಕೈಲಿ ಎಷ್ಟು ಸಲ ಮಾಡಿಸಿದ್ದೀರಿ! ಹೇಳಿ... ಇನ್ನೊಂದು ಸಲ."