ದೇವಿಂದ್ರಪ್ಪನ ಬಂದೂಕಿನ ಎರಡು ಪಿನ್ನು

2025ರ ಫೆಬ್ರುವರಿ ಹತ್ತು, ಸೋಮವಾರ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಯಾದಗಿರಿ ಗ್ರಾಮೀಣ ಠಾಣೆಯ ಮೆಟ್ಟಿಲು ಹತ್ತಿ ಒಬ್ಬ ಹಿರಿಯರು ಜೋಡು ನಳಿಗೆಯ ಬಂದೂಕು ಹಿಡಿದುಕೊಂಡು ಒಳಗೆ ಬಂದರು. ಬಾಗಿಲ ಬಳಿಯ ಮೇಜಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಮರಿಲಿಂಗಪ್ಪ ಕಪ್ಪು ಕೆಳಗಿಡುವುದನ್ನೂ ಮರೆತು ಎದ್ದು ನಿಂತರು. ಇಷ್ಟು ವರ್ಷ ಸರ್ವೀಸಾದರೂ ಬಂದೂಕು ಕಂಡರೆ ಅವರಿಗೆ ಕೈಕಾಲು ತಣ್ಣಗಾಗುತ್ತವೆ. ಈ ಸಂಗತಿ ಇಲಾಖೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವರು ನಂಬಿದ್ದಾರೆ, ಎಲ್ಲರಿಗೂ ಗೊತ್ತಿದೆ.

ಬಂದವರು ಮೊದಲು ಬಂದೂಕು ಮಡಚಿ, ಒಳಗೆ ಕಾಡತೂಸು ಇಲ್ಲವೆಂದು ತೋರಿಸಿ, ಅದರ ಬಾಯಿ ನೆಲದ ಕಡೆ ಮಾಡಿದರು. ಆಮೇಲೆ ನಮಸ್ಕಾರ ಹೇಳಿದರು.

"ನಾ ಹತ್ತಿಕುಣಿ ದೇವಿಂದ್ರಪ್ಪರಿ. ಕಳವಾಗ್ಯದ. ಕಂಪ್ಲೇಂಟ್ ಕೊಡಬೇಕು."

"ಏನ್ ಕಳವಾಗ್ಯದ?"

"ಬಂದೂಕ."

ಮರಿಲಿಂಗಪ್ಪ ಬಂದೂಕು ನೋಡಿದರು, ಅದನ್ನು ಹಿಡಿದವರ ಮುಖ ನೋಡಿದರು. "ಮತ್ತ ಕೈಯಾಗಿಂದು ಏನ್ರಿ?"

"ಇದು ಬರೇ ಕಬ್ಬಿಣ. ಒಳಗಿನ ಜೀವಾನೇ ತಗದಾರ."

ಒಳಕೋಣೆಯಲ್ಲಿದ್ದ ಪಿಎಸ್‌ಐ ನಾಗಲಕ್ಷ್ಮಿ ಈ ಮಾತಿಗೆ ತಲೆಯೆತ್ತಿ ಹೊರಗೆ ಬಂದಳು. ದೇವಿಂದ್ರಪ್ಪ ಆಕೆಗೆ ಬಂದೂಕಿನ ಹಿಂಭಾಗ ತೋರಿಸಿದರು. ಕುದುರೆ ಎಳೆದಾಗ ಕಾಡತೂಸಿನ ಬೆನ್ನಿಗೆ ಹೊಡೆದು ಕಿಡಿ ಎಬ್ಬಿಸುವ, ಮೊಳೆಯಂಥ ಪಿನ್ನು ನಳಿಗೆಗೆ ಒಂದರಂತೆ ಎರಡು ಇರಬೇಕು. ಎರಡೂ ಇರಲಿಲ್ಲ. ಅವುಗಳನ್ನು ಹಿಡಿದಿಡುವ ಸಣ್ಣ ಸ್ಕ್ರೂಗಳು ಮಾತ್ರ ಮರಳಿ ಬಿಗಿಯಾಗಿ ಕೂತಿದ್ದವು.

ಬೆಳೆ ರಕ್ಷಣೆಯ ಲೈಸೆನ್ಸ್ ಸರಿಯಾಗಿತ್ತು. ನಾಗಲಕ್ಷ್ಮಿ ಕುರ್ಚಿ ಕೊಟ್ಟು ಪ್ರಶ್ನೆ ಸುರು ಮಾಡಿದಳು.

"ಯಾವಾಗ ಗೊತ್ತಾತು?"

"ನಿನ್ನಿ ರಾತ್ರಿ. ಶೇಂಗಾದಾಗ ಹಂದಿ ಹೊಕ್ಕಿದ್ವು. ಹಾರಸಾಕ ಹೋದ್ರ ಟಿಕ್ ಅಂತದ, ಅಷ್ಟೇ."

"ಮನ್ಯಾಗ ಎಲ್ಲಿಡ್ತೀರಿ?"

"ಕಬ್ಬಿಣದ ಅಲಮಾರ್ಯಾಗ. ಕಾರ್ತೂಸು ಬ್ಯಾರೆ ಪೆಟಗ್ಯಾಗ, ಅದಕ್ಕ ಬ್ಯಾರೆ ಬೀಗ. ಎರಡೂ ಒಂದೇ ಕಡಿ ಇಡಬಾರದ್ರಿ."

"ಬೀಗ ಒಡದಾರೇನು?"

"ಇಲ್ಲ."

"ಕೀಲಿ ಯಾರ ಕಡಿ ಇರ್ತದ?"

"ನನ್ನ ಉಡದಾರಕ್ಕ ಕಟ್ಟೀನಿ. ಜಳಕಕ್ಕ ಹೋಗೂಮುಂದ ಗೂಟಕ್ಕ ಹಾಕ್ತೀನಿ."

ಮರಿಲಿಂಗಪ್ಪ ಕೆಮ್ಮಿದರು. ಜಳಕದ ಹೊತ್ತಿಗೆ ಗೂಟದ ಹತ್ತಿರ ಸುಳಿಯುವವರು ಹೊರಗಿನವರಾಗಿರಲಾರರು ಎಂಬುದು ಠಾಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ದೇವಿಂದ್ರಪ್ಪನವರೊಬ್ಬರನ್ನು ಬಿಟ್ಟು.

"ಲಗೂನ ಹುಡುಕ್ರಿ, ಮೇಡಂ," ಎಂದರು ಅವರು. "ಶೇಂಗಾ ಕೀಳಾಕ ಇನ್ನ ಹದಿನೈದು ದಿನ ಅದ. ಸಿಗ್ಲಿಲ್ಲಂದ್ರ ಸುರಪುರಕ ಹೋಗಿ ಹೊಸಾವು ಹಾಕಿಸ್ಕೊಂಡು ಬರ್ತೀನಿ. ಬಂದೂಕ ಇಲ್ದ ಹೊಲಕ್ಕ ಹೋಗೂದಂದ್ರ ನನಗ ಬತ್ತಲೆ ಹೋದಂಗ ಆಗ್ತದ."

ಮನೆಯೊಳಗಿನ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರರ ಸುಮಾರಿಗೆ ಜೀಪು ಹತ್ತಿಕುಣಿ ಮುಟ್ಟಿತು.

ದೇವಿಂದ್ರಪ್ಪನವರ ಮನೆ ತುಂಬಿದ ಮನೆ. ಮಗ ಬಸವಕುಮಾರ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಸೊಸೆ, ಮೊಮ್ಮಕ್ಕಳು, ಎಮ್ಮೆ, ಕೋಳಿ ಎಲ್ಲ ಒಂದೇ ಅಂಗಳದಲ್ಲಿ. ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಮುಂದೆ ಹೆಂಡತಿ ಮಲ್ಲಿಕಮ್ಮ ಕೂತಿದ್ದರು. ಅರ್ಧ ಊರಿನ ಕುಪ್ಪಸ ಹೊಲಿಯುವ ಕೈ ಅದು. ಪೊಲೀಸರನ್ನು ಕಂಡು ಎದ್ದು ಚಹಾಕ್ಕೆ ಇಟ್ಟು, ಮತ್ತೆ ಬಂದು ಮಿಷನ್ ತುಳಿಯತೊಡಗಿದರು.

ಇಬ್ಬರು ಪಂಚರ ಮುಂದೆ ಅಲಮಾರಿಯ ಪಂಚನಾಮೆ ನಡೆಯಿತು. ದೇವಿಂದ್ರಪ್ಪ ತಮ್ಮ ಸಾಮಾನು ಒಂದೊಂದಾಗಿ ತೆಗೆದಿಟ್ಟರು: ಒರೆಸುವ ಕೋಲು, ಹಳೆಯ ಪಂಚೆಯ ತುಂಡುಗಳು, ಎಣ್ಣೆಯ ಬಾಟಲಿ. ಬಂದೂಕಿನ ಮಾತು ಬಂದರೆ ಅವರನ್ನು ತಡೆಯುವುದು ಕಷ್ಟ. ಹಾರಿಸಿದ ದಿನವೇ ನಳಿಗೆ ಒರೆಸಬೇಕು, ನಾಳೆ ಅಂದರೆ ತುಕ್ಕು ಹಿಡಿಯುತ್ತದೆ. ಎಣ್ಣೆ ತೆಳ್ಳಗೆ ಸವರಬೇಕು, ಸುರಿಯಬಾರದು. ತೊಗಲಿನ ಚೀಲದಲ್ಲಿ ಕಟ್ಟಿಡಬಾರದು, ತೊಗಲು ತೇವ ಹಿಡಿಯುತ್ತದೆ. ಮರಿಲಿಂಗಪ್ಪ ಎರಡು ಹೆಜ್ಜೆ ದೂರ ನಿಂತೇ ಭಕ್ತಿಯಿಂದ ತಲೆಯಾಡಿಸಿದರು.

"ಹಾರಿಸೂಕಿಂತ ಮೊದಲ ಒಳಗ ನೋಡಬೇಕು. ಇದನ್ನ ಯಾರೂ ಮಾಡಂಗಿಲ್ಲ," ಎಂದು ದೇವಿಂದ್ರಪ್ಪ ನಳಿಗೆಗಳನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. "ನಿನ್ನಿ ರಾತ್ರಿ ಒರಸಿಟ್ಟದ್ದು. ಕನ್ನಡಿ ಹಂಗ ಹೊಳ್ಯಾಕತ್ತದ, ನೋಡ್ರಿ."

ನಾಗಲಕ್ಷ್ಮಿ ಇಸಿದುಕೊಂಡು ನೋಡಿದಳು. ಬಲಗಡೆಯದು ಹೊಳೆಯುತ್ತಿತ್ತು. ಎಡಗಡೆಯದರಲ್ಲಿ ಬೆಳಕೇ ಇರಲಿಲ್ಲ. ಒರೆಸಿದ ಪಂಚೆಯ ತುಂಡು ಮುದ್ದೆಯಾಗಿ ನಡುವೆ ಸಿಕ್ಕಿಕೊಂಡಿತ್ತು. ಹಾಗೆಯೇ ಹಾರಿಸಿದ್ದರೆ ನಳಿಗೆ ಅವರ ಕೈಯಲ್ಲೇ ಸೀಳಿ ಹೋಗುತ್ತಿತ್ತು.

ಆಕೆ ಮುದುಕರ ಮುಖ ನೋಡಿದಳು. ಹೆಮ್ಮೆಯಿಂದ ನಗುತ್ತಿದ್ದರು ಪಾಪ. ಎರಡೂ ಕಣ್ಣುಗಳಲ್ಲಿ ಹಾಲಿನ ಬಣ್ಣದ ಪೊರೆ. ಆಗಲೇ ಆಕೆಗೆ ಪಡಸಾಲೆ ಸದ್ದಿಲ್ಲದಂತಾಗಿದೆ ಎಂದು ಅರಿವಾಯಿತು. ಮಿಷನ್ ನಿಂತಿತ್ತು. ಮಲ್ಲಿಕಮ್ಮ ಗಂಡನನ್ನಲ್ಲ, ನಾಗಲಕ್ಷ್ಮಿಯನ್ನೇ ನೋಡುತ್ತಿದ್ದರು.

"ಚಲೋ ಅದರಿ," ಎಂದಳು ನಾಗಲಕ್ಷ್ಮಿ. ಬಂದೂಕನ್ನು ಪರೀಕ್ಷೆಗೆಂದು ವಶಕ್ಕೆ ಬರೆದುಕೊಂಡು ಹೊರಟಳು.

ಮರುದಿನ ಆಕೆ ಮತ್ತು ಮರಿಲಿಂಗಪ್ಪ ಸುರಪುರದಲ್ಲಿದ್ದರು. ಅಲ್ಲಿ ಮಕ್ತುಮಸಾಬರದು ಲೈಸೆನ್ಸ್ ಪಡೆದ ಬಂದೂಕು ರಿಪೇರಿ ಅಂಗಡಿ. ನಾಗಲಕ್ಷ್ಮಿ ಸುರಪುರದಲ್ಲೇ ಹುಟ್ಟಿದವಳು, ಶಾಲೆಗೆ ಹೋಗುವಾಗ ದಿನವೂ ಆ ಅಂಗಡಿಯ ಮುಂದೆಯೇ ಹಾದು ಹೋದವಳು. ಸಾಬರು ಆಕೆಯನ್ನು ಇನ್ನೂ ಮೇಡಂ ಅನ್ನುವುದಕ್ಕೆ ಕಲಿತಿಲ್ಲ.

"ಬಾ ಬೇಟಿ," ಎಂದು ಬಂದೂಕು ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಹಿಡಿದರು. ಮೂಸಿ ನೋಡಿದರು. "ದೇವಿಂದ್ರಪ್ಪಂದು ಇದು. ಈ ಜಿಲ್ಲಾದಾಗ ಇಷ್ಟು ಜೋಪಾನ ಯಾರ್ದೂ ಇಲ್ಲ. ಬ್ಯಾರೆಯವ್ರು ಕೊಬ್ಬರಿ ಎಣ್ಣಿ ಸುರದು, ಅಂಟ ಮಾಡ್ಕೊಂಡು ತರ್ತಾರ. ತಿನ್ನೋ ಎಣ್ಣಿ ಬಂದೂಕಿಗಿ ಹಾಕಬಾರದು ಅಂತ ಹೇಳಿ ಹೇಳಿ ನನ್ನ ನಾಲಗಿ ಸವೀತು."

"ಪಿನ್ನು ಯಾರು ತಗದಾರ ಅಂತ ಹೇಳಬಹುದೇನು?"

"ಬಂದೂಕಿನ ಕೆಲಸದವ್ರು ಅಲ್ಲ. ಆದ್ರ ಸ್ಕ್ರೂದ ತಲಿ ನೋಡು, ಒಂದು ಗೆರಿ ಬಿದ್ದಿಲ್ಲ. ಸಣ್ಣಂದು, ತಕ್ಕ ಅಳತಿ ಸ್ಕ್ರೂಡ್ರೈವರ್ ಹಾಕ್ಯಾರ. ಮ್ಯಾಲ ಒಂದು ಹನಿ ಎಣ್ಣಿ ಬಿಟ್ಟಾರ, ತುಕ್ಕು ಹಿಡೀಬಾರದು ಅಂತ. ಕದ್ದ ಮ್ಯಾಲ ಎಣ್ಣಿ ಬಿಡೋ ಕಳ್ಳರನ್ನ ನಾ ನೋಡಿಲ್ಲ."

"ಯಾವ ಎಣ್ಣಿ?"

ಸಾಬರು ಬೆರಳು ಮೂಸಿದರು. "ನಾ ಕೊಟ್ಟದ್ದಲ್ಲ. ಇದು ಹೊಲಿಗಿ ಮಿಷನ್ನಿಂದು."

ಮರಿಲಿಂಗಪ್ಪ ನಾಗಲಕ್ಷ್ಮಿಯ ಕಡೆ ನೋಡಿದರು.

"ದೇವಿಂದ್ರಪ್ಪ ಮುಂಜಾನೆ ಫೋನ್ ಮಾಡಿದ್ದ," ಎಂದರು ಸಾಬರು. "ನಾಳಿ ಸಂಜಿಕ ಬರ್ತಾನಂತ. ಠಾಣೆದವ್ರು ಬಂದೂಕ ಬಿಟ್ಟ ತಕ್ಷಣ ಹಾಕಾಕ ಹೊಸಾ ಪಿನ್ನು ತಯಾರ ಇಡು ಅಂದಾನ."

ವಾಪಸ್ಸು ಬರುವಾಗ ನಾಗಲಕ್ಷ್ಮಿಗೆ ಕಳ್ಳರ ಚಿಂತೆ ಇರಲಿಲ್ಲ, ಅದು ಬಗೆಹರಿದಂತೆಯೇ ಇತ್ತು. ಚಿಂತೆ ಇದ್ದದ್ದು ಮಾಲಿನದು. ಕದ್ದ ಮಾಲು ಸಿಕ್ಕರೆ ಇವತ್ತಲ್ಲ ನಾಳೆ ಮಾಲೀಕರ ಕೈಗೇ ಹೋಗುತ್ತದೆ. ಸಿಗದಿದ್ದರೆ ಅವರು ಹೊಸ ಪಿನ್ನು ಹಾಕಿಸಿಕೊಳ್ಳುತ್ತಾರೆ. ಹೇಗಾದರೂ ತುಂಬಿದ ಬಂದೂಕು ಹೊಲಕ್ಕೆ ಹೋಗುತ್ತದೆ, ಮುಂದಿರುವುದು ಹಂದಿಯೋ ಮನುಷ್ಯನೋ ಕಾಣದ ಕಣ್ಣಿನ ಜೊತೆಗೆ. ಆಕೆಗೆ ಆ ಮುದುಕರ ಮೇಲೆ ಸಿಟ್ಟೂ ಬಂತು, ಅಕ್ಕರೆಯೂ ಬಂತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತಿಕುಣಿಗೆ ಹೋದಾಗ ದೇವಿಂದ್ರಪ್ಪ ಹೊಲಕ್ಕೆ ಹೋಗಿದ್ದರು. ಮಲ್ಲಿಕಮ್ಮ ಮಿಷನ್ ಮುಂದಿದ್ದರು.

"ಅವ್ವಾ, ಪಿನ್ನು ಎಲ್ಲವ?" ಎಂದಳು ನಾಗಲಕ್ಷ್ಮಿ.

ಮಲ್ಲಿಕಮ್ಮ ಸುಳ್ಳು ಹೇಳಲಿಲ್ಲ. ಮಿಷನ್ನಿನ ಡ್ರಾವರ್ ಎಳೆದು, ಬಾಬಿನ್ ಇಡುವ ಡಬ್ಬಿ ತೆಗೆದು ಕೊಟ್ಟರು. ಎಣ್ಣೆಯಲ್ಲಿ ಅದ್ದಿದ ಅರಳೆಯ ನಡುವೆ ಎರಡು ಪಿನ್ನು ಕೂಸಿನ ಹಾಗೆ ಮಲಗಿದ್ದವು.

"ಹೆಂಗ ತಗೀಬೇಕು ಅಂತ ಯಾರು ಹೇಳಿಕೊಟ್ರು?"

"ನಲವತ್ತು ವರ್ಷದಿಂದ ನೋಡಾಕತ್ತೇನಿ, ತಾಯಿ. ಯಾರು ಹೇಳಿಕೊಡಬೇಕು."

"ಯಾಕ ತಗದ್ರಿ?"

ಮಲ್ಲಿಕಮ್ಮ ಒಳಗೆ ಹೋಗಿ ಒಂದು ಕರಿ ಕಂಬಳಿ ತಂದು ಆಕೆಯ ತೊಡೆಯ ಮೇಲೆ ಹಾಕಿದರು. ಅದರ ಒಂದು ಅಂಚಿನಲ್ಲಿ ಕಡಲೆ ಗಾತ್ರದ ತೂತುಗಳು, ಒಂದೊಂದನ್ನೂ ದಾರ ಹಾಕಿ ಹೊಲಿದು ಮುಚ್ಚಲಾಗಿತ್ತು.

"ಗುರುವಾರ ರಾತ್ರಿ ಬಸವ ಇದನ್ನ ಹೊದ್ಕೊಂಡು ಹೊಲದಾಗ ಪೈಪ್ ತಿರುವಾಕ ಬಗ್ಗಿದ್ದ. ಇವ್ರು ಯಾವಾಗ್ಲೂ ಗಾಳ್ಯಾಗ ಹಾರಸ್ತಾರ. ಅವತ್ತು ಏನು ಕಂಡ್ತೋ, ಕರ್ರಗ ಕಂಡದ್ದಕ್ಕ ಹಿಡದು ಹೊಡದ್ರು. ಮನಿಗಿ ಬಂದು, ಹಂದಿ ಓಡಿಸಿ ಬಂದೆ, ಎರಡು ರೊಟ್ಟಿ ಹೆಚ್ಚಿಗಿ ಹಾಕು ಅಂದ್ರು. ಹಿಂದಿಂದ ಬಸವ ಬಂದ. ಮುಖದಾಗ ರಕ್ತ ಇಲ್ಲ. ಅಪ್ಪಗ ಹೇಳಬ್ಯಾಡವ್ವ ಅಂದ."

ಸೆರಗಿನಿಂದ ಮುಖ ಒರೆಸಿಕೊಂಡರು. "ಕಣ್ಣ ಆಪರೇಷನ್ನಿಗಿ ಶಹಾಪುರ ದವಾಖಾನಿ ತನಕ ಕರ್ಕೊಂಡು ಹೋಗಿದ್ದೆ. ಪಾಳಿ ಬರೂತನಕ ಕುಂತು, ಪಾಳಿ ಬಂದ್ ಕೂಡ್ಲೇ ಬಸ್ ಹತ್ಯಾರ. ಬಂದೂಕ ಬಚ್ಚಿಟ್ರ ಹುಡುಕ್ತಿದ್ರು. ಅದಕ್ಕ ಇಷ್ಟೇ ತಗದೆ. ಪೊಲೀಸ್ ತನಕ ಹೋಗ್ತಾರ ಅಂತ ಅನ್ಕೊಂಡಿರ್ಲಿಲ್ಲ. ನನ್ನ ಹಿಡ್ಕೊಂಡು ಹೋಗು, ತಾಯಿ. ಮಗನ ಮ್ಯಾಲ ಹೊಡದದ್ದು ಮಾತ್ರ ಅವ್ರಿಗಿ ಹೇಳಬ್ಯಾಡ. ಅವ್ರು ಅನ್ನ ಬಿಡ್ತಾರ."

"ನಾ ಹೇಳಂಗಿಲ್ಲ," ಎಂದಳು ನಾಗಲಕ್ಷ್ಮಿ.

ಡಬ್ಬಿ, ಪಿನ್ನು, ಕಂಬಳಿ ಪಂಚನಾಮೆಯಲ್ಲಿ ಸೇರಿದವು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮಲ್ಲಿಕಮ್ಮನವರ ಬಂಧನವಾಯಿತು. ಮರಿಲಿಂಗಪ್ಪ ಜೀಪಿನ ಹಿಂಬಾಗಿಲು ತೆರೆದವರು, ಮನಸ್ಸು ಬದಲಿಸಿ ಮುಂದಿನ ಸೀಟಿನಲ್ಲಿ ಕೂಡಿಸಿದರು, ತಾವು ಹಿಂದೆ ಕೂತರು.

ಮಧ್ಯಾಹ್ನದ ಒಳಗೆ ದೇವಿಂದ್ರಪ್ಪ ಮಗನನ್ನು ಕರೆದುಕೊಂಡು ಠಾಣೆಗೆ ಬಂದರು.

"ಮೇಡಂ, ನಿಮಗ ತಪ್ಪು ತಿಳದದ. ಆಕಿ ನನ್ನ ಹೆಂಡ್ತಿ."

"ನಾನೇ ತಗದೀನಿ," ಎಂದರು ಬೆಂಚಿನ ಮೇಲಿದ್ದ ಮಲ್ಲಿಕಮ್ಮ.

"ಯಾಕ?"

"ಸಿಟ್ಟಿಗಿ. ದಿನಾ ಅದನ್ನ ಒರಸೂದು, ಅದನ್ನ ನೋಡೂದು. ನನ್ನ ಕಡಿ ಒಂದು ಸಲ ಹೊಳ್ಳಿ ನೋಡೀರೇನು?"

ಬಸವಕುಮಾರ ಗೋಡೆಯ ಕಡೆ ಮುಖ ಮಾಡಿದ. ದೇವಿಂದ್ರಪ್ಪ ಈ ಮಾತನ್ನು ನಂಬಿದರು. ನಂಬಿ ಅವರಿಗೆ ಬಹಳ ನೋವಾಯಿತು. ಆಸರೆಗೆಂದು ಮೇಜಿನ ಮೇಲೆ ಕೈಯೂರಿದರು, ಕೈ ಕಂಬಳಿಯ ಮೇಲೆ ಬಿತ್ತು. ನಾಗಲಕ್ಷ್ಮಿ ಅದನ್ನು ಅಲ್ಲಿ ಬೇಕಂತಲೇ ಇಟ್ಟಿದ್ದಳು. ಹೇಳುವುದಿಲ್ಲವೆಂದು ಆಕೆ ಮಾತು ಕೊಟ್ಟಿದ್ದಳು, ಮುಚ್ಚಿಡುತ್ತೇನೆಂದು ಕೊಟ್ಟಿರಲಿಲ್ಲ.

"ಇದು ನಮ್ಮ ಬಸವನ ಕಂಬಳಿ," ಎಂದರು ದೇವಿಂದ್ರಪ್ಪ. ಬೆರಳು ಅಂಚಿನವರೆಗೆ ಹೋಯಿತು. ಒಂದು ಹೊಲಿಗೆ ಸಿಕ್ಕಿತು, ಅದರ ಪಕ್ಕಕ್ಕೆ ಮತ್ತೊಂದು. ಬೆರಳು ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತ ಹೋಯಿತು. ಚರೆ ಗುಂಡು ಎಷ್ಟು ದೂರದಿಂದ ಬಂದರೆ ಎಷ್ಟು ಹರಡುತ್ತದೆ ಎಂಬುದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವರು ಕಂಬಳಿ ಬಿಟ್ಟು ಮಗ ನಿಂತ ಕಡೆ ತಿರುಗಿದರು.

"ಬಸವ," ಎಂದರು. "ತಗಲ್ತೇನು?"

"ಇಲ್ಲಪ್ಪ. ಕಂಬಳಿಗಷ್ಟೇ."

"ಹತ್ರ ಬಾ."

ಮಗ ಹತ್ತಿರ ಬಂದ. ಅವರು ಅವನ ಭುಜ, ಬೆನ್ನು, ಪಕ್ಕೆ ಎಲ್ಲ ಸವರಿ ನೋಡಿದರು, ಹಸುಗೂಸನ್ನು ನೋಡಿದ ಹಾಗೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಮಲ್ಲಿಕಮ್ಮ ಬೆಂಚಿನಿಂದ ಇಳಿದು ಅವರ ಪಕ್ಕ ಕೂತರು. ಆರೋಪಿ ಎದ್ದು ಹೋದರೆ ತಡೆಯಬೇಕಾದ ಮರಿಲಿಂಗಪ್ಪ ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದರು.

ಸಂಜೆ ನಾಲ್ಕಕ್ಕೆ ಮಲ್ಲಿಕಮ್ಮನವರನ್ನು ಕೋರ್ಟಿಗೆ ಹಾಜರುಪಡಿಸಲಾಯಿತು. ಜಾಮೀನಿಗೆ ಯಾರಿದ್ದಾರೆ ಎಂದು ನ್ಯಾಯಾಧೀಶರು ಕೇಳಿದಾಗ ಹೊಲದ ಪಹಣಿ ಹಿಡಿದು ದೇವಿಂದ್ರಪ್ಪ ಮುಂದೆ ಬಂದರು. ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸುವುದಾಗಿ ಅಷ್ಟರಲ್ಲಾಗಲೇ ಠಾಣೆಯಲ್ಲಿ ಬರೆದುಕೊಟ್ಟಿದ್ದರು.

ನ್ಯಾಯಾಧೀಶರು ಕಾಗದ ಎರಡು ಸಲ ತಿರುವಿದರು. "ಫಿರ್ಯಾದಿ ನೀವೇ. ಜಾಮೀನೂ ನೀವೇನಾ? ಇವರು ಓಡಿ ಹೋಗುವುದಿಲ್ಲ ಅಂತ ಹೇಗೆ ಹೇಳುತ್ತೀರಿ?"

"ಆಕಿ ಎಲ್ಲಿ ಓಡ್ತಾಳ್ರಿ, ಸಾಹೇಬ್ರ," ಎಂದರು ದೇವಿಂದ್ರಪ್ಪ. "ನಾಳಿ ನನ್ನ ಕೈ ಹಿಡದು ಶಹಾಪುರ ದವಾಖಾನಿಗಿ ಕರ್ಕೊಂಡು ಹೋಗಬೇಕು. ನನಗ ಕಣ್ಣು ಕಾಣವಲ್ದು."

ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಟಕಟೆಯಲ್ಲಿದ್ದ ಮಲ್ಲಿಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ರಾತ್ರಿ ಠಾಣೆಗೆ ಮರಳಿದ ಮೇಲೆ ನಾಗಲಕ್ಷ್ಮಿ ಅಂದಿನ ಕೇಸ್ ಡೈರಿ ಬರೆದಳು. ಆರೋಪಿಯ ಉದ್ದೇಶದ ಬಗ್ಗೆ ಹೀಗೆ ಬರೆದಳು: ಮಗನ ಜೀವ ಉಳಿಯಬೇಕು, ಗಂಡನ ಮನಸ್ಸು ಒಡೆಯಬಾರದು, ಇವೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆಕೆಗೆ ಬೇರೆ ದಾರಿ ತೋಚಲಿಲ್ಲ.