ಬೆಚ್ಚಗಿದ್ದ ಒಲೆ, ಸಿನ್ಯಾಳ ಗಾಯ

"ಅಯ್ಯೋ, ಕೈ ತೆಗೀರಿ! ಅದು ತಿಪಿತಿ ಅಲ್ಲ!"

ಲಿಂಡಾಲ್ವಾ ಕೂಗುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಅಪರಿಚಿತ ಗಂಡಸು ತೊಲೆಯಿಂದ ಜೋತುಬಿದ್ದಿದ್ದನ್ನು ಎರಡೂ ಕೈಯಿಂದ ಹಿಡಿದು ಎಳೆದೇ ಬಿಟ್ಟಿದ್ದ.

ತಿಪಿತಿ ಎಂದರೆ ಮರಗೆಣಸಿನ ತುರಿಯಿಂದ ನೀರು ಹಿಂಡುವ ಬೆತ್ತದ ಉದ್ದ ಚೀಲ. ಹಿಟ್ಟಿನ ಮನೆಯ ಮಬ್ಬಿನಲ್ಲಿ ಅದೂ ಹಾಗೆಯೇ ತೂಗುತ್ತಿರುತ್ತದೆ, ಹಾಗೆಯೇ ಮೈಮೇಲೆ ಪಟ್ಟೆ ಪಟ್ಟೆ. ಆದರೆ ತಿಪಿತಿ ಯಾವತ್ತೂ ತಲೆಯೆತ್ತಿ, ಎಳೆದವನ ಮುಖವನ್ನು ಹೀಗೆ ನಿಧಾನವಾಗಿ ನೋಡುವುದಿಲ್ಲ!

ಅವನು ಕೂಗಲಿಲ್ಲ. ಕೈಯನ್ನು ಸಡಿಲಿಸಿ, ಹಿಂದಕ್ಕೆ ಹೆಜ್ಜೆಯಿಟ್ಟು, ಗೆಣಸಿನ ಸಿಪ್ಪೆಯ ರಾಶಿಯ ಮೇಲೆ ಕುಸಿದು ಕುಳಿತ.

"ಉಸಿರಾಡಿ," ಎಂದಳು ಲಿಂಡಾಲ್ವಾ.

"ಇದು... ಕಚ್ಚುತ್ತಾ?"

"ಇಲಿಗಳನ್ನ ಕಚ್ತಾಳೆ. ನೀವು ಇಲಿನಾ?"

ಅವನು ತಲೆಯೆತ್ತಿದ. ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು. ಆದರೂ ತುಟಿಯ ಒಂದು ಮೂಲೆಯಲ್ಲಿ ನಗು ಇತ್ತು. ಆ ನಗು ಕಂಡು ಲಿಂಡಾಲ್ವಾಳ ಎದೆ ಯಾಕೋ ಝಲ್ಲೆಂದಿತು. 'ಹೆದರಿ ಸಾಯ್ತಿರೋನು ಇಷ್ಟು ಚೆನ್ನಾಗಿ ನಗಬಹುದಾ?' ಎಂದುಕೊಂಡಳು.

ಅವನ ಹೆಸರು ಎವಾಲ್ಡೊ. ದೋಣಿ ಕಟ್ಟುವವನು. ಅಮೆಜಾನಿನ ಆ ಕವಲು ಹೊಳೆಯ ದಂಡೆಯಲ್ಲಿ ಊರವರಿಗೊಂದು ಹೊಸ ದೋಣಿ ಕಟ್ಟಿಕೊಡಲು ಬಂದಿದ್ದ. ತಿಪಿತಿ ಇಳಿಸಿಕೊಡಪ್ಪ ಎಂದು ಅವನನ್ನು ಒಳಗೆ ಕಳಿಸಿದ್ದು ಲಿಂಡಾಲ್ವಾಳ ಫಿಲೋ ಚಿಕ್ಕಮ್ಮ. ತೊಲೆಯ ಮೇಲಿದ್ದ ಹೆಬ್ಬಾವಿನ ಹೆಸರು ಸಿನ್ಯಾ. ಹಾಗೆಂದರೆ ಯಜಮಾನಿತಿ. ಹನ್ನೊಂದು ವರ್ಷಗಳಿಂದ ಆ ಮನೆಯ ಹಿಟ್ಟಿನ ಚೀಲಗಳಿಗೆ ಇಲಿ ಮುಟ್ಟದಂತೆ ಕಾಯುತ್ತಿದ್ದವಳು ಅವಳೇ.

ಅಜ್ಜಿ ಸಾಯುವ ಮುಂಚೆ ಲಿಂಡಾಲ್ವಾಳ ಕೈ ಹಿಡಿದು ಹೇಳಿದ್ದು ಒಂದೇ ಮಾತು. "ಸಿನ್ಯಾನ ನೋಡ್ಕೋ ಮಗಳೇ. ನಾನಿಲ್ಲ ಅಂತ ಅವಳಿಗೆ ಗೊತ್ತಾಗೋ ಹಾಗೆ ಮಾಡಬೇಡ."

* * *

ಆಮೇಲಿನ ದಿನಗಳು ಹೊಳೆಯ ಮೇಲಿನ ಮಂಜಿನ ಹಾಗೆ ಬಂದವು, ಹಾಗೆಯೇ ಸರಿದವು.

ಎವಾಲ್ಡೊನ ಕೊಡತಿಯ ಸದ್ದು ದಿನವಿಡೀ ಹಿಟ್ಟಿನ ಮನೆಯವರೆಗೆ ಕೇಳುತ್ತಿತ್ತು. ಹಲಗೆಯ ಸಂದಿಗೆ ತುಂಬಲು ಅವನು ಕಾಯಿಸುವ ರಾಳದ ವಾಸನೆ, ಅವಳು ಹುರಿಯುವ ಹಿಟ್ಟಿನ ಘಮ, ಎರಡೂ ಬೆರೆತು ನೀರಿನ ಮೇಲೆ ತೇಲುತ್ತಿದ್ದವು. ಮಧ್ಯಾಹ್ನ ಅವನು ಬಾಗಿಲಾಚೆ ನಿಂತು ಕೇಳುತ್ತಿದ್ದ.

"ಯಜಮಾನಿತಿ ಎಲ್ಲಿದ್ದಾರೆ?"

"ಮಲಗಿದ್ದಾರೆ. ಬನ್ನಿ ಒಳಗೆ."

"ಬೇಡ, ಇಲ್ಲೇ ಚೆನ್ನಾಗಿದೆ."

ಅವಳು ಹೊಸ್ತಿಲಲ್ಲೇ ಅಸಾಯಿ ಹಣ್ಣಿನ ರಸದ ಬಟ್ಟಲು ಕೊಡುತ್ತಿದ್ದಳು. ಅವನು ಮೇಲೆ ಬಿಸಿ ಹಿಟ್ಟು ಉದುರಿಸಿಕೊಂಡು, ಹೊರಗೆ ನಿಂತೇ ತಿನ್ನುತ್ತಿದ್ದ. ಇಬ್ಬರ ನಡುವೆ ಒಂದು ಹೊಸ್ತಿಲು... ಅಷ್ಟೇ. ಆದರೂ ಆ ಹೊಸ್ತಿಲು ದಾಟುವಂತೆ ಯಾರು ಯಾರಿಗೆ ಹೇಳಬೇಕು?

ಈ ನಡುವೆ ಒಂದು ವಿಚಿತ್ರ ನಡೆಯುತ್ತಿತ್ತು. ಜರಡಿ ಹಿಡಿದು ಹಿಡಿದು ಲಿಂಡಾಲ್ವಾಳ ಮಣಿಕಟ್ಟು ಊದಿಕೊಂಡಿತ್ತು. ಸೌದೆ ಸೀಳಿ, ಆ ದೊಡ್ಡ ಮಣ್ಣಿನ ಒಲೆ ಹಚ್ಚುವುದೆಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಮೂರು ವಾರದಿಂದ, ಬೆಳಗ್ಗೆ ಅವಳು ಬರುವಷ್ಟರಲ್ಲಿ ಒಲೆ ಆಗಲೇ ಉರಿದು ಬೆಚ್ಚಗಾಗಿರುತ್ತಿತ್ತು!

'ಪಾಪ, ಚಿಕ್ಕಮ್ಮ ಬಾಯಲ್ಲಿ ಬೈದರೂ ನನ್ನ ಕೈನೋವು ನೋಡಲಾರಳು' ಎಂದುಕೊಂಡು ಅವಳು ಸುಮ್ಮನಿದ್ದಳು. ಹುಡುಗಿ ಈಗೀಗ ಬೇಗ ಏಳುತ್ತಿದ್ದಾಳೆ ಎಂದುಕೊಂಡು ಚಿಕ್ಕಮ್ಮನೂ ಸುಮ್ಮನಿದ್ದಳು. ಇಬ್ಬರೂ ಬಾಯಿಬಿಟ್ಟು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ಬೇರೆಯವರು ಹಚ್ಚಿರಬಹುದು ಎಂಬ ಯೋಚನೆಯೇ ಇಬ್ಬರಿಗೂ ಬರಲಿಲ್ಲ. ಆ ದಂಡೆಯಲ್ಲಿ ಹೆಣ್ಣಿನ ಒಲೆಯನ್ನು ಮನೆಯವರು ಬಿಟ್ಟು ಇನ್ನೊಬ್ಬರು ಹಚ್ಚುವಂತಿಲ್ಲ. ಹೊರಗಿನ ಗಂಡಸು ಹಚ್ಚಿದನೋ, ಅವನು ಹೆಣ್ಣು ಕೇಳಿದಂತೆಯೇ ಲೆಕ್ಕ. "ನಿನ್ನ ಒಲೆ ಹಚ್ಚೋನು ಯಾವಾಗ ಬರ್ತಾನೋ ತಾಯಿ!" ಎಂದು ಚಿಕ್ಕಮ್ಮ ಆಗಾಗ ಛೇಡಿಸುತ್ತಿದ್ದದ್ದೂ ಅದಕ್ಕೇ.

* * *

ಆ ಶನಿವಾರ ಬೆಳಗ್ಗೆ ಸಿನ್ಯಾ ತೊಲೆಯ ಮೇಲಿರಲಿಲ್ಲ.

ಚೀಲಗಳ ಹಿಂದೆ ಇರಲಿಲ್ಲ. ಮಾಡಿನ ಗರಿಯೊಳಗೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಹಿತ್ತಲಲ್ಲಿ, ಗೆಣಸು ನೆನೆಹಾಕುವ ಹಳೇ ದೋಣಿಯ ನೀರೊಳಗೆ. ತಲೆ ಮಾತ್ರ ಹೊರಗಿಟ್ಟು ಮುಳುಗಿಕೊಂಡಿದ್ದಳು.

'ನೀರು ಕಂಡರೆ ಆಗದವಳು ಇವಳು... ಇಲ್ಲಿ ಯಾಕೆ?'

"ಸಿನ್ಯಾ, ಏನಾಯ್ತೇ?"

ನಾಲಿಗೆ ಹೊರಗೆ ಬರಲಿಲ್ಲ. ದಿನವೂ ಅವಳ ದನಿಗೆ ನಾಲಿಗೆ ಚಾಚುತ್ತಿದ್ದ ಹಾವು ಇಂದು ಅಲ್ಲಾಡಲಿಲ್ಲ. ಲಿಂಡಾಲ್ವಾ ಮೆಲ್ಲಗೆ ಕೈ ಸೋಕಿಸಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸಿನ್ಯಾ ಅವಳ ಮೇಲೆ ಬುಸುಗುಟ್ಟಿದಳು!

ಪಕ್ಕೆಯ ಕೆಳಗೆ ಪೊರೆ ಎದ್ದು ಬಿಳುಚಿತ್ತು. ಅದರ ಅಂಚಿನಲ್ಲಿ ಕೆಂಪು ಬೊಬ್ಬೆಗಳು. ಸುಟ್ಟ ಗಾಯ!

"ರಾಳ," ಎಂದಳು ಹಿಂದೆ ನಿಂತಿದ್ದ ಚಿಕ್ಕಮ್ಮ. "ಕುದಿಯೋ ರಾಳ ಬಿದ್ರೆ ಹಿಂಗೇ ಆಗೋದು. ಇವತ್ತು ಬೆಳಕು ಹರಿಯೋ ಮುಂಚೆ ಆ ದೋಣಿಯವನು ಈ ಮನೆಯಿಂದ ಓಡಿ ಹೋದದ್ದನ್ನ ನನ್ನ ಕಣ್ಣಾರೆ ನೋಡಿದೆ. ಹೆದರಿ ಎರಚಿದ್ದಾನೆ ಕಣೇ!"

ಲಿಂಡಾಲ್ವಾಳಿಗೆ ಕಿವಿ ಗುಂಯ್ ಎಂದಿತು. ಅವಳು ಅಂಗಳ ದಾಟಿ ಹೋದದ್ದು ಅವಳಿಗೇ ತಿಳಿಯಲಿಲ್ಲ.

ಎವಾಲ್ಡೊ ಹೊಸ ದೋಣಿಯೊಳಗೆ ತನ್ನ ಚೀಲ ಇಡುತ್ತಿದ್ದ. ಕೆಲಸ ಮುಗಿದಿತ್ತು. ಊರವರು ಅದರಲ್ಲೇ ಅವನನ್ನು ಪಟ್ಟಣದ ಹಡಗಿಗೆ ಬಿಡುವವರಿದ್ದರು; ಹೊಳೆಯ ಮೇಲ್ದಂಡೆಯಲ್ಲಿ ಮುಂದಿನ ಕೆಲಸ ಕಾದಿತ್ತು.

"ಇವತ್ತು ಬೆಳಗ್ಗೆ ನಮ್ಮ ಹಿಟ್ಟಿನ ಮನೆಗೆ ಬಂದಿದ್ಯಾ?"

'ನೀವು' ಹೋಗಿ 'ನೀನು' ಬಂದಿತ್ತು, ಸಿಟ್ಟಿನಲ್ಲಿ. ಅವನ ಮುಖ ಕೆಂಪಗಾಯಿತು.

"ಬಂದಿದ್ದೆ... ಯಾಕೆ?"

"ಬಾ. ಬಂದು ನೋಡು ಏನು ಮಾಡಿದ್ದೀಯ ಅಂತ!"

ಅವನು ಬಂದ. ದೂರದಲ್ಲೇ ನಿಂತು ಬಗ್ಗಿ ನೋಡಿದ. ಗಾಯ ಕಂಡ ಕೂಡಲೇ ಅವನ ಕಣ್ಣು ಹಿಟ್ಟಿನ ಮನೆಯ ಕಡೆ ತಿರುಗಿತು, ಮತ್ತೆ ಹಾವಿನ ಕಡೆ. ಏನೋ ಹೊಳೆದವನ ಹಾಗೆ ಕಣ್ಣು ಮುಚ್ಚಿಕೊಂಡ.

"ಹೌದು," ಎಂದ ಸಣ್ಣ ದನಿಯಲ್ಲಿ. "ನನ್ನಿಂದಲೇ ಆಗಿದ್ದು."

ಅಷ್ಟೇ! ಒಂದು ಕಾರಣವಿಲ್ಲ, ಒಂದು ಸಮಜಾಯಿಷಿಯಿಲ್ಲ. ಲಿಂಡಾಲ್ವಾಳ ಎದೆಯೊಳಗೆ ಏನೋ ಪಟ್ಟನೆ ಹರಿಯಿತು. ಇಷ್ಟು ದಿನ ಹೊಸ್ತಿಲಾಚೆ ನಿಂತು ನಕ್ಕವನು ಇವನೇನಾ?

ಚಿಕ್ಕಮ್ಮ ಆಗಲೇ ಅಂಡಿರೋಬಾ ಬೀಜದ ಎಣ್ಣೆಯ ಸೀಸೆ ತಂದಿದ್ದಳು. ಆ ದಂಡೆಯಲ್ಲಿ ಸೊಳ್ಳೆ ಕಚ್ಚಿದರೂ ಅದೇ, ಸೊಂಟ ಉಳುಕಿದರೂ ಅದೇ.

"ಎಣ್ಣೆ ಬೇಡ!" ಎವಾಲ್ಡೊ ತಡೆದ. ತೋಳು ತೋರಿಸಿದ. ಅಲ್ಲಿ ಹಳೆಯ ಸುಟ್ಟ ಕಲೆಗಳು. "ರಾಳ ಬಿದ್ದಾಗ ನಾನೂ ಹಚ್ಚಿದ್ದೆ. ಎಣ್ಣೆ ಒಳಗಿನ ಕಾವು ಹೊರಗೆ ಬಿಡೋಲ್ಲ, ಇನ್ನೂ ಕೀವಾಗುತ್ತೆ. ಈ ಗೆಣಸಿನ ಹುಳಿನೀರಿನಿಂದ ಮೊದಲು ಎತ್ತಿ. ಶುದ್ಧ ನೀರಲ್ಲಿ ತೊಳೆದು, ಒಗೆದ ಬಟ್ಟೇಲಿ ಇಡಿ. ಡಾಕ್ಟರಿಗೆ ತೋರಿಸಲೇಬೇಕು."

"ಪಟ್ಟಣದ ದೋಣಿ ಸೋಮವಾರ ಬರೋದು," ಎಂದಳು ಲಿಂಡಾಲ್ವಾ.

"ಹೊಸ ದೋಣಿ ಇದೆಯಲ್ಲ. ನಾನು ಕರ್ಕೊಂಡು ಹೋಗ್ತೀನಿ. ಬೈಯೋದಿದ್ರೆ ದಾರಿಯುದ್ದಕ್ಕೂ ಬೈಯಿರಿ."

ಅವಳು ಬೈಯಲಿಲ್ಲ. ಬುಟ್ಟಿ ತರಲು ಒಳಗೆ ಓಡಿದಳು.

* * *

ಮೂರು ಗಂಟೆಯ ದಾರಿ. ಎಂಜಿನ್ ಪೊ-ಪೊ-ಪೊ ಎನ್ನುತ್ತಿತ್ತು. ಮಂಜು ನೀರಿಗೂ ಆಕಾಶಕ್ಕೂ ನಡುವೆ ಗೆರೆಯೇ ಇಲ್ಲದಂತೆ ಮಾಡಿತ್ತು. ದೋಣಿ ಹೊಳೆಯ ಮೇಲೆ ಹೋಗುತ್ತಿದೆಯೋ, ಮೋಡದೊಳಗೆ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ.

ನಡುವೆ ಬುಟ್ಟಿ. ಅದರಲ್ಲಿ ಅಜ್ಜಿಯ ದಿಂಬಿನ ಚೀಲದೊಳಗೆ ಸಿನ್ಯಾ. ಲಿಂಡಾಲ್ವಾ ಬುಟ್ಟಿಯ ಮೇಲೆ ಅಂಗೈಯಿಟ್ಟು ಕುಳಿತಿದ್ದಳು. ಒಳಗೆ ಉಸಿರು ಏರಿಳಿಯುವುದು ಬೆರಳಿಗೆ ತಿಳಿಯುತ್ತಿತ್ತು. ಏರಿತು... ಇಳಿಯಿತು... ಮುಂದಿನದು ಬರಲು ಎಷ್ಟು ತಡ!

'ಹೋಗಬೇಡ ಸಿನ್ಯಾ. ಅಜ್ಜಿಗೆ ನಾನೇನು ಹೇಳಲಿ?'

ಬಿಸಿಲೇರಿದಾಗ ಎವಾಲ್ಡೊ ತನ್ನ ಅಂಗಿ ಬಿಚ್ಚಿ, ಬುಟ್ಟಿಯ ಮೇಲೆ ನೆರಳಾಗುವಂತೆ ಹುಟ್ಟಿಗೆ ಕಟ್ಟಿದ. ಹಾವಿಗೆ ಅಷ್ಟು ಹತ್ತಿರ ಬಂದಾಗ ಅವನ ಕೈ ನಡುಗಿತು. ಆದರೂ ಗಂಟು ಬಿಗಿಯಾಗಿಯೇ ಬಿತ್ತು.

ಲಿಂಡಾಲ್ವಾ ನೋಡಿದಳು. ಬೇಡವೆಂದರೂ ಕಣ್ಣು ತುಂಬಿತು. ಹೆದರಿ ರಾಳ ಎರಚುವ ಕೈ ಹೀಗೆ ನೆರಳು ಕಟ್ಟುತ್ತದೆಯೇ?

* * *

ಪಟ್ಟಣದ ಪ್ರಾಣಿಗಳ ಡಾಕ್ಟರ್ ಮಾರ್ಲೂಸಿ ನಡುವಯಸ್ಸಿನ ಹೆಂಗಸು. ಸಿನ್ಯಾಳನ್ನು ನಿಧಾನವಾಗಿ ಮಗುಚಿ, ಕನ್ನಡಕ ಮೂಗಿಗಿಳಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಬದುಕ್ತಾಳೆ. ಬೇಗ ತಂದಿದ್ದೀಯ, ಎಣ್ಣೆ ಗಿಣ್ಣೆ ಮೆತ್ತಿಲ್ಲ, ಒಳ್ಳೇದಾಯ್ತು. ಮುಲಾಮು ಕೊಡ್ತೀನಿ, ಸೂಜಿ ಹಾಕ್ತೀನಿ. ಎರಡು ವಾರ ಊಟ ಬೇಡ. ನಾಲ್ಕಾರು ಸಲ ಪೊರೆ ಬಿಟ್ರೆ ಸರಿ ಹೋಗ್ತಾಳೆ. ಕಲೆ ಮಾತ್ರ ಉಳಿಯುತ್ತೆ."

ಲಿಂಡಾಲ್ವಾ ಗೋಡೆ ಹಿಡಿದು ನಿಂತಳು. ಸದ್ಯ... ಸದ್ಯ!

"ಕುದಿಯೋ ರಾಳ ಎರಚಿದ್ದಾರೆ ಡಾಕ್ಟರಮ್ಮ, ಪಾಪದ ಪ್ರಾಣಿ ಮೇಲೆ..."

"ರಾಳಾನಾ? ಯಾರು ಹೇಳಿದ್ದು? ಇಲ್ಲಿ ನೋಡು. ಬೆನ್ನ ಮೇಲೆ ಒಂದು ಚುಕ್ಕೆನೂ ಇಲ್ಲ. ಎಲ್ಲ ಹೊಟ್ಟೆ ಕಡೆಗೇ. ಮೇಲಿಂದ ಎರಚಿದ್ರೆ ಹೊಟ್ಟೆ ಸುಡುತ್ತಾ? ಒಂದೇ ದಿನದ್ದೂ ಅಲ್ಲ ಇದು. ಈ ಬೊಬ್ಬೆ ಇವತ್ತಿನದು, ಇದು ನಾಲ್ಕು ದಿನದ್ದು. ಇವಳೇ ದಿನಾ ಹೋಗಿ ಬಿಸಿ ಮೇಲೆ ಮಲಗಿದ್ದಾಳೆ. ಬೆಳಗಿನ ಚಳಿಗೆ ಬಿಸಿ ಹಿತ ಅನ್ಸುತ್ತೆ, ಹೊಟ್ಟೆ ಸುಡ್ತಿದೆ ಅಂತ ಹಾವಿಗೆ ಬೇಗ ತಿಳಿಯೋಲ್ಲ. ನಿಮ್ಮನೇಲಿ ಬೆಳಗ್ಗೆ ಬೆಳಗ್ಗೆ ಏನು ಬಿಸಿ ಇರುತ್ತೆ?"

"ಒಲೆ... ಆದ್ರೆ ನಾನು ಒಲೆಯ ಕಟ್ಟೆ ಗುಡಿಸಿ, ಅಲ್ಲಿ ಮಲಗಿರೋ ಇವಳನ್ನ ತೊಲೆಗೆ ಏರಿಸಿದ ಮೇಲೇ ಬೆಂಕಿ..."

ಮಾತು ಅರ್ಧಕ್ಕೇ ನಿಂತಿತು.

ಮೂರು ವಾರದಿಂದ ಅವಳು ಒಲೆ ಹಚ್ಚಿರಲಿಲ್ಲ! ಚಿಕ್ಕಮ್ಮ ಹಚ್ಚಿದ್ದರೆ? ಇಲ್ಲ. ಕಟ್ಟೆ ಗುಡಿಸದೆ ಬೆಂಕಿಯಿಡಲು ಅಜ್ಜಿ ಚಿಕ್ಕಮ್ಮನಿಗೂ ಬಿಟ್ಟವಳಲ್ಲ. ಹಾವಿನ ಮನೆಯ ಆ ಅಭ್ಯಾಸ ಗೊತ್ತಿಲ್ಲದ ಯಾರೋ... ಬೆಳಕು ಹರಿಯುವ ಮುಂಚೆ ಬಂದು... ಓಡಿ ಹೋಗುತ್ತಿದ್ದ ಯಾರೋ...

'ನನ್ನಿಂದಲೇ ಆಗಿದ್ದು' ಎಂದನಲ್ಲ!

* * *

ಎವಾಲ್ಡೊ ದೋಣಿಕಟ್ಟೆಯ ತುದಿಯಲ್ಲಿ ಕುಳಿತಿದ್ದ. ಹೆಗಲಲ್ಲಿ ಚೀಲ. ಮೇಲ್ದಂಡೆಗೆ ಹೋಗುವ ಹಡಗು ಆಗಲೇ ಮೊದಲ ಸೀಟಿ ಹಾಕಿತ್ತು.

ಬುಟ್ಟಿ ಹಿಡಿದು ಬಂದ ಲಿಂಡಾಲ್ವಾಳನ್ನು ಕಂಡು ಎದ್ದ.

"ಹೇಗಿದ್ದಾರೆ ಯಜಮಾನಿತಿ?"

"ಬದುಕ್ತಾಳೆ."

ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ. "ದೋಣಿ ನೀವೇ ನಡೆಸಿಕೊಂಡು ಹೋಗ್ತೀರಲ್ಲ? ನಾನು... ಬರ್ತೀನಿ."

"ನಮ್ಮ ಒಲೆ ಹಚ್ತಿದ್ದೋರು ನೀವಾ?"

ಎವಾಲ್ಡೊ ಚೀಲದ ದಾರ ಬಿಗಿಮಾಡಿಕೊಂಡ. ಹೊಳೆಯ ನೀರು ಕಂಬಗಳಿಗೆ ತಟ್ಟಿ ತಟ್ಟಿ ಹೋಗುತ್ತಿತ್ತು.

"ಹೇಳಿ!"

"ನಿಮ್ಮ ಕೈ ಊದಿತ್ತು," ಎಂದ ಕೊನೆಗೆ. "ಸೌದೆ ಎತ್ತುವಾಗ ತುಟಿ ಕಚ್ಚಿಕೊಳ್ತಿದ್ರಿ. ನೋಡೋಕಾಗಲಿಲ್ಲ. ಆದ್ರೆ ಆ ಹಾವು ಎಲ್ಲಿರುತ್ತೋ ಅಂತ ಹೆದರಿ, ಅತ್ತ ಇತ್ತ ನೋಡದೆ ಬೆಂಕಿಯಿಟ್ಟು ಓಡಿ ಬರ್ತಿದ್ದೆ. ಒಂದು ಸಲ... ಒಂದೇ ಸಲ ಕಣ್ಣುಬಿಟ್ಟು ಒಲೆಯ ಕಟ್ಟೆ ನೋಡಿದ್ರೆ ಅವಳಿಗೆ ಹೀಗಾಗ್ತಿರಲಿಲ್ಲ. ತಪ್ಪು ನನ್ನದೇ."

"ಇದನ್ನ ಬೆಳಗ್ಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನಿಮ್ಮ ದಂಡೆಯಲ್ಲಿ ಒಲೆ ಹಚ್ಚಿದೆ ಅಂದ್ರೆ ಏನರ್ಥ ಅಂತ ನಂಗೆ ಗೊತ್ತು. ಅವಳು ಆ ಸ್ಥಿತಿಯಲ್ಲಿದ್ದಾಗ, ನಿಮ್ಮ ಮುಂದೆ ನಿಂತು, ಅದನ್ನ..."

"ಅಂದ್ರೆ ಅರ್ಥ ಗೊತ್ತಿದ್ದೇ ಹಚ್ತಿದ್ರಿ!"

"ದಿನಾ," ಎಂದ ಅವನು. "ಗೊತ್ತಿದ್ದೇ."

ಲಿಂಡಾಲ್ವಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮೂರು ವಾರ! ಪ್ರತಿ ಬೆಳಗ್ಗೆ ಆ ಒಲೆಗೆ ಅಂಗೈಯಿಟ್ಟು ಹಿತವೆನಿಸಿಕೊಂಡಿದ್ದಳು. ಅದು ಇವನ ಪ್ರೀತಿಯ ಬಿಸಿಯೆಂದು ತಿಳಿಯದೆಯೇ ಬೆಚ್ಚಗಾಗಿದ್ದಳು. ಅವನನ್ನೇ ಚಿಕ್ಕಮ್ಮನ ಮುಂದೆ ನಿಲ್ಲಿಸಿ...

"ನಾನು ಕೇಳಬೇಕಿತ್ತು," ಎಂದಳು. "ಕೇಳದೆ ಅಂದುಬಿಟ್ಟೆ. ಕ್ಷಮಿಸಿ."

ಹಡಗು ಎರಡನೆಯ ಸೀಟಿ ಹಾಕಿತು. ಅವನು ಅಲ್ಲಾಡಲಿಲ್ಲ. ಅವಳು ಕೈ ಚಾಚಿ ಅವನ ಹೆಗಲಿನ ಚೀಲವನ್ನು ತೆಗೆದು, ಹೊಸ ದೋಣಿಯೊಳಗೆ ಇಟ್ಟಳು. ಆಮೇಲೆ ಬುಟ್ಟಿಯ ಬಟ್ಟೆ ಸರಿಸಿದಳು.

"ನಾಳೆಯಿಂದ ಒಲೆ ಹಚ್ಚೋ ಮುಂಚೆ ಕಟ್ಟೆ ಮೇಲೆ ಇವಳಿದ್ದಾಳಾ ಅಂತ ಕೈಯಾಡಿಸಿ ನೋಡ್ಬೇಕು. ಇದ್ರೆ ಎತ್ತಿ ತೊಲೆಗೆ ಬಿಡ್ಬೇಕು. ಆಗುತ್ತಾ?"

ಎವಾಲ್ಡೊ ಬುಟ್ಟಿಯೊಳಗೆ ಇಣುಕಿದ. "ಕೈಯಲ್ಲೇನಾ?"

"ಕೈಯಲ್ಲೇ."

ಅವನು ಮೊಣಕಾಲೂರಿದ. ಒಂದು ಬೆರಳು ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಬಂತು. ಕೊನೆಗೆ, ಗಾಯವಿಲ್ಲದ ಬೆನ್ನಿನ ಮೇಲೆ ಮೆಲ್ಲಗೆ ಇಳಿಯಿತು.

ಸಿನ್ಯಾ ಬುಸುಗುಟ್ಟಲಿಲ್ಲ. ಬೆಳಗಿನಿಂದ ಒಳಗೇ ಇದ್ದ ನಾಲಿಗೆಯನ್ನು ಒಮ್ಮೆ ಹೊರಚಾಚಿ, ಅವನ ಬೆರಳನ್ನು ಸೋಕಿ ಎಳೆದುಕೊಂಡಳು.

"ಏನಂದಳು?" ಅವನು ಪಿಸುಗುಟ್ಟಿದ.

ಲಿಂಡಾಲ್ವಾ ಅವನ ಪಕ್ಕದಲ್ಲಿ ಮಂಡಿಯೂರಿ, ಅವನ ಕೈ ಮೇಲೆ ತನ್ನ ಊದಿದ ಕೈ ಇಟ್ಟಳು. ಬೆಳಗ್ಗೆ ಸಿಟ್ಟಿನಲ್ಲಿ ಬಾಯಿಗೆ ಬಂದಿದ್ದ ಏಕವಚನ ಈಗ ಮೆತ್ತಗೆ ತಾನಾಗಿಯೇ ಬಂತು.

"ನೀನು ಇಲಿ ಅಲ್ವಂತೆ. ಮನೆಯೋನಂತೆ. ಬಾ, ಹೋಗೋಣ."