ಚೌಕದ ಬಾಟಲಿ ಕೊಡದವನು

“ಆ ಚೌಕದ ಬಾಟಲಿ ನಿಮಗೆ ಕೊಡಲ್ಲ.”

ಗಾಜಿನಂಗಡಿಯವನು ಅಷ್ಟೇ ಹೇಳಿ ಮುಖ ತಿರುಗಿಸಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಯಾಕೆ? ನನ್ನ ಕೊಂಬುಚಾ ತುಂಬಿಸಿದ್ರೆ ನಿಮ್ಮ ಬಾಟಲಿ ಮರ್ಯಾದೆ ಹೋಗುತ್ತಾ?”

ಅವನು ದಪ್ಪ ಗಾಜಿನ, ಕಂದು ಬಣ್ಣದ ದುಂಡು ಬಾಟಲಿಯೊಂದನ್ನು ಮುಂದೆ ತಳ್ಳಿದ. “ಇದು ತಗೊಳ್ಳಿ.”

ನೋಡಲು ಹಳೇ ಔಷಧಿ ಸೀಸೆಯ ಹಾಗಿತ್ತು. ಬೇರೆ ಗಿರಾಕಿಗಳ ಜೊತೆ ಬಾಯಿ ತುಂಬ ಹರಟುವವನು, ತನ್ನನ್ನು ಕಂಡರೆ ಮಾತ್ರ ಹೀಗೆ... ಮನೆಯಲ್ಲಿ ಚಹಾ ಹುಳಿಬರಿಸಿ, ಕೊಂಬುಚಾ ಮಾಡಿ ಮಾರುವವಳೆಂದು ತಾತ್ಸಾರವೇ? ಹೋಗಿ ಹೋಗಿ ಇಂಥವನಿಗೆ ಮನಸ್ಸು ಕೊಟ್ಟೆನಲ್ಲ! ಅವಳು ದಡದಡನೆ ಹೊರಟುಹೋದಳು.

ಹಟ ಬಿಡಬೇಕಲ್ಲ? ಮರುದಿನ ಅತ್ತಿಗೆಯನ್ನು ಕಳಿಸಿದಳು. ಎಣ್ಣೆ ತುಂಬಿಸೋಕೆ ಎಂದು ಹೇಳಿ ಅತ್ತಿಗೆ ಅದೇ ಚೌಕದ ಬಾಟಲಿಗಳನ್ನು ತಂದರು. ಅವಳು ಕೊಂಬುಚಾ ತುಂಬಿಸಿ, ಮುಚ್ಚಳ ಬಿಗಿದು, ಗುಳ್ಳೆಯೇಳಲೆಂದು ಅಡುಗೆಮನೆಯಲ್ಲಿಟ್ಟಳು.

ಒಂದು ಮಧ್ಯಾಹ್ನ ಢಮ್ಮೆಂದು ಬಾಟಲಿ ಸಿಡಿಯಿತು. ಚೂರೊಂದು ಅತ್ತಿಗೆಯ ಮೊಣಕೈ ಸೀಳಿತು.

ಕೈಗೆ ಕಟ್ಟು ಹಾಕಿಸಿಕೊಂಡು ಬರುವಾಗ ಅತ್ತಿಗೆ ಅಂಗಡಿಗೆ ಹೋಗಿ ನಿಜ ಹೇಳಿಬಿಟ್ಟರು. ಅವರ ಹಿಂದೆಯೇ ಅವನೂ ಮನೆಗೆ ಬಂದ, ದುಂಡು ಬಾಟಲಿಗಳ ಪೆಟ್ಟಿಗೆ ಹೊತ್ತು, ಮುಖ ಕೆಂಪಗೆ ಮಾಡಿಕೊಂಡು.

“ಸುಳ್ಳು ಹೇಳಿ ಬಾಟಲಿ ತರಿಸ್ಕೊಂಡ್ರಲ್ಲ, ಕಣ್ಣಿಗೆ ಬಡಿದಿದ್ರೆ? ಗುಳ್ಳೆ ಒಳಗಿಂದ ಒತ್ತುತ್ತೆ. ಚೌಕದ್ದು ಮೂಲೆಯಲ್ಲೇ ಬಿರಿಯುತ್ತೆ. ದುಂಡಗೆ, ದಪ್ಪಗೆ ಇದ್ರೆ ತಡ್ಕೊಳ್ಳುತ್ತೆ.”

“ಅವತ್ತೇ ಹೇಳೋಕೆ ಬಾಯಿಗೆ ಬೀಗ ಹಾಕಿತ್ತಾ? ನಮ್ಮ ಅತ್ತಿಗೆ ಕೈ ನೋಡಿ. ನೀವು ನನ್ನ ಕೀಳಾಗಿ ನೋಡ್ತೀರಿ ಅಂತ ನಾನು ಎಷ್ಟು ಅತ್ತಿದೀನಿ ಗೊತ್ತಾ?”

ಅವನು ಪೆಟ್ಟಿಗೆ ಕೆಳಗಿಟ್ಟ.

“ಕೀಳಾಗಾ? ನೀವು ಎದುರಿಗೆ ಬಂದ್ರೆ ನನಗೆ ಮಾತೇ ಹೊರಡಲ್ಲ ಕಣ್ರೀ. ಏನೇನೋ ಹೇಳ್ಬೇಕು ಅಂದ್ಕೊಂಡಿರ್ತೀನಿ, ನಿಮ್ಮ ಮುಖ ನೋಡಿದ ಕೂಡಲೇ ಎಲ್ಲ ಮರೆತುಹೋಗುತ್ತೆ... ನೀವಂದ್ರೆ ನನಗೆ ಅಷ್ಟು ಇಷ್ಟ.”

ಅವಳ ಸಿಟ್ಟು ಇಳಿಯಲಿಲ್ಲ. ಅವನ ಮೇಲಿದ್ದಷ್ಟೇ ತನ್ನ ಮೇಲೂ ಇತ್ತು. ಆದರೂ ಕಣ್ಣು ತುಂಬಿ ಬಂತು.

“ಮೊದಲು ಅತ್ತಿಗೆ ಹತ್ರ ಕ್ಷಮೆ ಕೇಳೋಣ ಬನ್ನಿ. ಇಬ್ಬರೂ.”

“ಆಮೇಲೆ?”

“ಆಮೇಲೆ ನಿಮ್ಮನ್ನ ಸರಿಯಾಗಿ ಬೈಬೇಕು. ಒಂದಿನಕ್ಕೆ ಮುಗಿಯೋದಲ್ಲ ಅದು.”

“ಮುಗಿಸೋದೇ ಬೇಡ,” ಎಂದ ಅವನು.